ಸೋರದ ಮಾಡಿಗೆ ಸರಿಯಾದ ಸ್ಕ್ರೂ

ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆ, ಅಡಿಕೆ ಚಪ್ಪರ, ಗೊಬ್ಬರದ ಕೋಣೆಗಳ ಮಾಡನ್ನು ಸರಿಪಡಿಸುವುದು ಶಿವಮೊಗ್ಗ, ಭದ್ರಾವತಿ ಸುತ್ತಿನ ರೈತರಿಗೆ ವರ್ಷವೂ ತಪ್ಪದ ಕೆಲಸ. ಹಂಚಿದ್ದ ಎಷ್ಟೋ ಕಡೆ ಈಗ ಬಣ್ಣದ ತಗಡು ಬಂದಿದೆ. ಕೊಕ್ಕೆ ಬೋಲ್ಟಿನ ಜಾಗವನ್ನು ಸೆಲ್ಫ್ ಸ್ಕ್ರೂ ಹಿಡಿದಿದೆ. ತಗಡಿಗೆ ಸಾವಿರಾರು ರೂಪಾಯಿ ಕೊಡುವ ನಾವು ಸ್ಕ್ರೂ ಕೊಳ್ಳುವಾಗ ಮಾತ್ರ ‘ಯಾವುದಾದರೂ ಕೊಡಿ’ ಎನ್ನುತ್ತೇವೆ. ಮಾಡು ಸೋರಿ ಒಣಗಿದ ಅಡಿಕೆ ಬೂಸ್ಟು ಹಿಡಿದಾಗ ತಪ್ಪು ತಿಳಿಯುತ್ತದೆ.

ಬಗೆಗಳು

ನಟ್ಟಿನ ನೆರವಿಲ್ಲದೆ ತನ್ನ ಥ್ರೆಡ್ಡನ್ನು ತಾನೇ ಮಾಡಿಕೊಂಡು ಕಚ್ಚಿಕೊಳ್ಳುವುದು ಈ ಸ್ಕ್ರೂವಿನ ಗುಣ. ಮೃದು ಕಬ್ಬಿಣ ಬಾಗುತ್ತದೆ, ಹದಗೊಳಿಸಿದ ಉಕ್ಕು ಕೊರೆಯುತ್ತದೆ ಎಂಬುದನ್ನು 1923ರಿಂದ ಕಬ್ಬಿಣದ ಕಾರ್ಖಾನೆ ಕಂಡ ಭದ್ರಾವತಿಯವರಿಗೆ ಹೇಳಬೇಕಾಗಿಲ್ಲ. ಹಾಗೆ ಹದಗೊಳಿಸಿದ್ದರಿಂದಲೇ ಇದು ತಗಡನ್ನು ಕಚ್ಚಬಲ್ಲದು.

ಒಂದು ಬಗೆಗೆ ಮೊದಲು ತೂತು ಕೊರೆದಿರಬೇಕು. ತೂತು ಸ್ಕ್ರೂವಿಗಿಂತ ಕಿರಿದಾಗಿರಬೇಕು. ತೆಳು ತಗಡಿನಲ್ಲಿ 4.2 ಮಿ.ಮೀ. ಸ್ಕ್ರೂವಿಗೆ ಸುಮಾರು 3.2 ಮಿ.ಮೀ. ತೂತು ಸಾಕು. ಪೆಟ್ಟಿಗೆ, ಮುಚ್ಚಳ ಮುಂತಾದ ಸಣ್ಣ ಕೆಲಸಕ್ಕೆ ಇದು ಒಪ್ಪುತ್ತದೆ.

ಇನ್ನೊಂದರ ತುದಿ ಬೈರಿಗೆಯ ಅಲಗಿನಂತಿದ್ದು, ತಾನೇ ಕೊರೆದು ಒಳಗಿಳಿಯುತ್ತದೆ. ಕಬ್ಬಿಣದ ಪೈಪಿನ ಮೇಲೆ ತಗಡು ಕೂರಿಸಲು ಇದೇ ಬೇಕು. ಆದರೆ ಥ್ರೆಡ್ ಕಬ್ಬಿಣವನ್ನು ಮುಟ್ಟುವ ಮೊದಲು ಕೊರೆಯುವ ತುದಿ ಅದನ್ನು ಪೂರ್ತಿ ದಾಟಿರಬೇಕು. ಇಲ್ಲವಾದರೆ ಕೊರೆಯುವ ವೇಗಕ್ಕಿಂತ ಥ್ರೆಡ್ ಎಳೆಯುವ ವೇಗ ಹೆಚ್ಚಾಗಿ ಸ್ಕ್ರೂ ಮುರಿಯುತ್ತದೆ. ಆದ್ದರಿಂದ ಪೈಪಿನ ದಪ್ಪ ಅಳೆದುಕೊಂಡೇ ಅಂಗಡಿಗೆ ಹೋಗಬೇಕು. ಮರದ ರೀಪಿಗಾದರೆ ಚೂಪು ತುದಿಯ, ಅಗಲ ಥ್ರೆಡ್ಡಿನ ಸ್ಕ್ರೂ ಸರಿ. ಅದು ಮರದೊಳಗೆ ಒಂದು ಅಂಗುಲವಾದರೂ ಇಳಿಯಬೇಕು.

ಅಂಗಡಿಯಲ್ಲಿ ನಂಬರಿನಿಂದ ಕೇಳುವುದುಂಟು. 10 ಎಂದರೆ 4.8 ಮಿ.ಮೀ., 12 ಎಂದರೆ 5.5, 14 ಎಂದರೆ 6.3 ಮಿ.ಮೀ. ದಪ್ಪ.

ಬಿಗಿಯುವ ಕ್ರಮ

ಸೋರಿಕೆಯನ್ನು ತಡೆಯುವುದು ತಲೆಯ ಕೆಳಗಿನ ರಬ್ಬರ್ ವಾಷರ್. ರಬ್ಬರು ಲೋಹದ ಬಿಲ್ಲೆಯ ಅಂಚಿಗೆ ತುಸು ಕಾಣುವಷ್ಟು ಬಿಗಿಯಬೇಕು. ಸಡಿಲಾದರೆ ನೀರು ಇಳಿಯುತ್ತದೆ, ಅತಿಯಾದರೆ ರಬ್ಬರು ಹರಿಯುತ್ತದೆ. ಸ್ಕ್ರೂ ನೆಟ್ಟಗೆ ನಿಂತಿರಬೇಕು, ಓರೆಯಾದರೆ ವಾಷರ್ ಒಂದು ಬದಿ ಎದ್ದಿರುತ್ತದೆ. ನೀರು ಹರಿಯುವ ತಗ್ಗಿಗಿಂತ ತಗಡಿನ ಏಣಿನ ಮೇಲೆ ಹಾಕಿದರೆ ಸೋರುವ ಭಯ ಕಡಿಮೆ. ಅಲ್ಲಿಗೆ ಉದ್ದದ ಸ್ಕ್ರೂ ಬೇಕು, ಏಣು ಚಪ್ಪಟೆಯಾಗದಂತೆ ಎಚ್ಚರವೂ ಬೇಕು. ಗಾಳಿಯ ಹೊಡೆತ ಅಂಚು, ಮೂಲೆಗಳಿಗೆ ಹೆಚ್ಚಾದ್ದರಿಂದ ಅಲ್ಲಿ ಸ್ಕ್ರೂಗಳು ಒತ್ತಾಗಿರಲಿ. ಕೊರೆದಾಗ ಬೀಳುವ ಕಬ್ಬಿಣದ ಪುಡಿಯನ್ನು ಅದೇ ದಿನ ಗುಡಿಸಿ ತೆಗೆಯಿರಿ. ಬಿಟ್ಟರೆ ಅದು ತುಕ್ಕು ಹಿಡಿದು ತಗಡನ್ನೂ ಕೆಡಿಸುತ್ತದೆ.

ಅಡಿಕೆ ಒಣಗಿಸಲು ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ಹಾಕಿದ್ದರೆ ಕ್ರಮ ಬೇರೆ. ಬಿಸಿಲಿಗೆ ಆ ಶೀಟು ಹಿಗ್ಗುತ್ತದೆ. ಸ್ಕ್ರೂವಿಗಿಂತ ದೊಡ್ಡ ತೂತು ಮೊದಲೇ ಕೊರೆದು, ಅಗಲವಾದ ವಾಷರ್ ಇಟ್ಟು ಹಗುರಾಗಿ ಬಿಗಿಯಬೇಕು. ಇಲ್ಲವಾದರೆ ತೂತಿನಿಂದಲೇ ಬಿರುಕು ಬಿಡುತ್ತದೆ.

ಮೈಲುತುತ್ತದ ಶತ್ರುತ್ವ

ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದ್ದುವುದು ಅಡಿಕೆ ಬೆಳೆಗಾರರಿಗೆಲ್ಲ ಗೊತ್ತು. ಸುಣ್ಣ ಕಡಿಮೆಯಾಗಿದ್ದರೆ ಕತ್ತಿಗೆ ತಾಮ್ರದ ಕೆಂಪು ಹತ್ತುತ್ತದೆ. ಸ್ಕ್ರೂವಿನ ಸತುವಿನ ಲೇಪಕ್ಕೂ ಇದೇ ಗತಿ. ತಾಮ್ರ ಹತ್ತಿದಲ್ಲಿ ಸತು ಕರಗಿ ತುಕ್ಕು ಬೇಗ ಹಿಡಿಯುತ್ತದೆ. ಆದ್ದರಿಂದ ಮೈಲುತುತ್ತವನ್ನು ತಗಡು, ಸ್ಕ್ರೂಗಳಿಂದ ದೂರವಿಡಿ. ಸಿಂಪಡಣೆಯ ಹನಿ ಮಾಡಿಗೆ ಬಿದ್ದರೆ ಶುದ್ಧ ನೀರಿನಿಂದ ತೊಳೆಯಿರಿ. ಕೊಟ್ಟಿಗೆಯಲ್ಲಿ ಗಂಜಲದ ಆವಿಯೂ ಲೇಪವನ್ನು ತಿನ್ನುವುದರಿಂದ ಗಾಳಿಯಾಡುವಂತಿರಲಿ.

ಬೇಸಿಗೆಯಲ್ಲೊಮ್ಮೆ ಪ್ರತಿ ಸ್ಕ್ರೂ ಪರೀಕ್ಷಿಸಿ. ಒಡೆದ ವಾಷರ್ ಬದಲಿಸಿ. ತೂತು ಸಡಿಲವಾಗಿದ್ದರೆ 5.5ರ ಬದಲು 6.3 ಮಿ.ಮೀ. ಸ್ಕ್ರೂ ಹಾಕಿ. ಮಾಡು ಹತ್ತಿದಾಗ ಬರಿಯ ತಗಡಿನ ಮೇಲಲ್ಲ, ಕೆಳಗೆ ಪೈಪಿರುವ ಸಾಲಿನಲ್ಲೇ ಕಾಲಿಡಿ. ಸ್ಕ್ರೂವಿಗೆ ಹಾಕುವ ನಾಲ್ಕು ಕಾಸು ಹೆಚ್ಚಾದರೂ ಒಂದು ಮೂಟೆ ಅಡಿಕೆಯ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ.