ಕೊಟ್ಟದ್ದೆಷ್ಟು, ದಕ್ಕಿದ್ದೆಷ್ಟು? ನಿರಾಶ್ರಿತರ ನೆರವು: ತಪ್ಪು ಕಲ್ಪನೆ ಮತ್ತು ಸತ್ಯ

ತುಂಗಭದ್ರಾ (ಟಿ.ಬಿ.) ಡ್ಯಾಂನ ಎಡದಂಡೆ ಕಾಲುವೆಗುಂಟ 'ಕ್ಯಾಂಪ್' ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಆಂಧ್ರದಿಂದ ಬಂದು ಜಮೀನು ಕೊಂಡ ರೈತರ ಊರುಗಳು. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಪೂರ್ವ ಪಾಕಿಸ್ತಾನದ ಗಲಭೆಗಳಲ್ಲಿ ಮನೆಮಠ ಕಳೆದುಕೊಂಡ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಸಂಘರ್ಷದಿಂದ ಓಡಿಬಂದವರಿಗೆ ಕೊಟ್ಟ ನೆರವು ಫಲಿಸಿತೇ ಎಂದು ತೂಗಿ ನೋಡಲು ನಮಗೆ ದೂರ ಹೋಗಬೇಕಾಗಿಲ್ಲ.

ತಪ್ಪು ಕಲ್ಪನೆ: ಜಮೀನು, ಸೂರು, ರೇಷನ್ ಹಂಚಿದರೆ ಕೆಲಸ ಮುಗಿಯಿತು.

ಸತ್ಯ: ಹಂಚಿದ್ದರ ಪಟ್ಟಿ ಖರ್ಚಿನ ಲೆಕ್ಕ, ಬದುಕಿನ ಲೆಕ್ಕವಲ್ಲ. ಆರ್.ಎಚ್. ಕ್ಯಾಂಪುಗಳನ್ನೇ ನೋಡಿ. ಕಾಲುವೆ ನೀರಿಗೆ ಭತ್ತ ಬೆಳೆಯಿತು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುವ ತಲೆಮಾರು ಬಂತು. ದುರ್ಗಾಪೂಜೆಯೂ ನಡೆಯುತ್ತದೆ. ಇಷ್ಟನ್ನೇ ಬರೆದುಕೊಂಡು ಹೋದರೆ ಯೋಜನೆ ಗೆದ್ದಿತು ಎನ್ನಬಹುದು. ಆದರೆ ಇಲ್ಲಿನ ಅನೇಕರು ನಾಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಳದಲ್ಲಿ ಅದು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಸಂವಿಧಾನದ 341ನೇ ವಿಧಿಯಂತೆ ಪಟ್ಟಿ ರಾಜ್ಯಕ್ಕೊಂದು. ಹಾಗಾಗಿ ಅಜ್ಜನಿಗೆ ಹೊಲ ಸಿಕ್ಕಿತು, ಮೊಮ್ಮಗ ನಾಡಕಚೇರಿಗೆ ಹೋದರೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಸಿಗದು. ಅದಿಲ್ಲದೆ ಆ ಮೀಸಲಾತಿ ಇಲ್ಲ, ಆ ಸ್ಕಾಲರ್‌ಶಿಪ್ ಇಲ್ಲ. ಪೌರತ್ವದ್ದು ಇನ್ನೊಂದು ಗೋಳು. ಇಲ್ಲಿನ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದೇ 2024ರಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಜಾರಿಗೆ ಬಂದ ಮೇಲೆ. ಜಮೀನು ಕೊಟ್ಟ ವರ್ಷವೇ ಕಡತ ಮುಚ್ಚಿದವರ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ. ನೆರವಿನ ನಿಜವಾದ ಪರೀಕ್ಷೆ ಎರಡನೆಯ, ಮೂರನೆಯ ತಲೆಮಾರಿನದು.

ತಪ್ಪು ಕಲ್ಪನೆ: ಮೌಲ್ಯಮಾಪನ ಎಂದರೆ ಆಡಿಟ್, ತಪ್ಪು ಹಿಡಿಯುವ ಕೆಲಸ.

ಸತ್ಯ: ದುಡ್ಡು ಎಲ್ಲಿ ಹೋಯಿತು ಎಂದು ಕೇಳುವುದು ಆಡಿಟ್. ಆ ದುಡ್ಡಿನಿಂದ ಯಾರ ಪಾಡು ಎಷ್ಟು ಸುಧಾರಿಸಿತು, ಯಾರು ಹೊರಗುಳಿದರು ಎಂದು ಕೇಳುವುದು ಮೌಲ್ಯಮಾಪನ. 1994ರ ರುವಾಂಡಾ ನರಮೇಧದ ನಂತರ ಹತ್ತಾರು ದೇಶ, ಸಂಸ್ಥೆಗಳು ಕೂಡಿ ತಮ್ಮದೇ ನೆರವನ್ನು ಪರಿಶೀಲಿಸಿ 1996ರಲ್ಲಿ ವರದಿ ಕೊಟ್ಟವು. ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾದಿಂದ ಸತ್ತವರಲ್ಲಿ ಎಷ್ಟೋ ಮಂದಿಯನ್ನು ಉಳಿಸಬಹುದಿತ್ತು ಎಂಬ ಕಹಿಸತ್ಯವನ್ನು ಒಪ್ಪಿಕೊಂಡವು. ನೆರವಿನಲ್ಲಿ ಕನಿಷ್ಠ ಏನಿರಬೇಕೆಂದು ಹೇಳುವ 'ಸ್ಫಿಯರ್' ಮಾನದಂಡಗಳು ಗಟ್ಟಿಯಾದದ್ದು ಈ ಅನುಭವದಿಂದ: ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 3.5 ಚದರ ಮೀಟರ್ ಸೂರು, 20 ಜನಕ್ಕೊಂದು ಶೌಚಾಲಯ, ಮನೆಯಿಂದ 500 ಮೀಟರ್ ಒಳಗೆ ನಲ್ಲಿ. 15 ಲೀಟರ್ ಎಂದರೆ ಸುಮಾರು ಒಂದು ಪ್ಲಾಸ್ಟಿಕ್ ಕೊಡ. ಕುಡಿಯಲು, ಅಡುಗೆಗೆ, ಮೈತೊಳೆಯಲು ಎಲ್ಲಕ್ಕೂ ಅಷ್ಟೇ! ಅದೂ ಮುಟ್ಟಿತೇ ಎಂದು ಕೇಳುವುದು ತಪ್ಪು ಹುಡುಕುವುದಾದರೆ ಅಂಥ ತಪ್ಪು ಹುಡುಕಲೇಬೇಕು.

ತಪ್ಪು ಕಲ್ಪನೆ: ನಿರಾಶ್ರಿತರು ಸದಾ ಹೊರೆ, ಸ್ಥಳೀಯರಿಗೆ ಬರುವುದೇನೂ ಇಲ್ಲ.

ಸತ್ಯ: 1959ರ ನಂತರ ಬಂದ ಟಿಬೆಟನ್ನರು ಬೈಲಕುಪ್ಪೆಯಲ್ಲಿ ಕಾಡು ಕಡಿದು ಹೊಲ ಮಾಡಿದರು, ಮುಂಡಗೋಡದಲ್ಲೂ ನೆಲೆಯೂರಿದರು. ಅವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಮುಂದೆ ಅದು ನಮ್ಮ ಹಳ್ಳಿಗಳ ಬಡವರತ್ತ ಹೊರಳಿತು. ಇಂದು ಊರೂರಲ್ಲಿರುವ ಸ್ವಸಹಾಯ ಸಂಘಗಳ ಬೇರು ಹುಡುಕಿದರೆ 1980ರ ದಶಕದ ಮೈರಾಡದ ಪ್ರಯೋಗಗಳು ಸಿಗುತ್ತವೆ. ನಿರಾಶ್ರಿತರ ನಡುವೆ ಕಲಿತ ಸಂಸ್ಥೆಯ ಕೆಲಸ ಇಲ್ಲಿನ ಹೆಣ್ಣುಮಕ್ಕಳ ಕೈಗೂ ಬಂತು. ಖರ್ಚನ್ನಷ್ಟೇ ಎಣಿಸುವವರ ಲೆಕ್ಕದಲ್ಲಿ ಇದು ಎಲ್ಲಿಯೂ ಬರುವುದಿಲ್ಲ.

ತಪ್ಪು ಕಲ್ಪನೆ: ನಗದು ಕೊಟ್ಟರೆ ಕುಡಿತಕ್ಕೆ ಹೋಗುತ್ತದೆ.

ಸತ್ಯ: ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ನೋಡಿದಾಗ ಮದ್ಯ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ಆದರೂ ಸಂತೆಯಲ್ಲಿ ಕಾಳುಕಡಿಯೇ ಇಲ್ಲದ ಕಡೆ ನಗದಿನಿಂದ ಉಪಯೋಗವಿಲ್ಲ. ಅಲ್ಲಿ ಕಾಳಿನ ಚೀಲವೇ ಬೇಕು.

ಇನ್ನೂ ಒಂದು ಮಾತು. ನಿರಾಶ್ರಿತರಿಗೆ ಏನು ಬೇಕೆಂಬುದು ಅಧಿಕಾರಿಗಳಿಗೇ ಗೊತ್ತು ಎಂಬ ನಂಬಿಕೆ ಎಲ್ಲಕ್ಕಿಂತ ಹಾನಿಕರ. ಕ್ಯಾಂಪಿನ ಮುಖಂಡನನ್ನು ಕೇಳಿದರೆ ರಸ್ತೆ ಎನ್ನಬಹುದು, ವಿಧವೆಯನ್ನು ಕೇಳಿದರೆ ಪಹಣಿಯಲ್ಲಿ ತನ್ನ ಹೆಸರು ಎನ್ನಬಹುದು. ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ, ನಾಳೆ ಯಾರಾದರೂ ಸಂತ್ರಸ್ತರ ನಿಧಿಗೆ ಚಂದಾ ಕೇಳಿ ಬಂದರೆ ಧಾರಾಳವಾಗಿ ಕೊಡಿ. ಜೊತೆಗೆ, ಎರಡು ವರ್ಷ ಬಿಟ್ಟು ಆ ಜನರನ್ನು ಯಾರು ಹೋಗಿ ಮಾತಾಡಿಸುತ್ತಾರೆ ಎಂದೂ ಕೇಳಿ.