ಕೋರ್ಟ್ ಎಂದರೆ ಅಂಗಳ, ಜೈಲು ಎಂದರೆ ಪಂಜರ!

ಜಾಲಹಳ್ಳಿಯವರು ಹೊಲದ ಕಾಗದದ ಕೆಲಸಕ್ಕೆ ದೇವದುರ್ಗದ ತಹಸೀಲ್ದಾರರ ಕಚೇರಿಗೆ ಹೋಗುತ್ತಾರೆ. ಅಲ್ಲಿ ಬಗೆಹರಿಯದಿದ್ದರೆ ರಾಯಚೂರಿನ ಕಲೆಕ್ಟರರ ಕಚೇರಿ ಇದ್ದೇ ಇದೆ. ಮಕ್ಕಳೇ, ಈ ಎರಡು ಹುದ್ದೆಗಳ ಹೆಸರಿಗೂ ಹೆಚ್ಚುಕಡಿಮೆ ಒಂದೇ ಅರ್ಥ ಎಂದರೆ ನಂಬುತ್ತೀರಾ? ಅರಬ್ಬಿಯಲ್ಲಿ 'ತಹಸೀಲ್' ಎಂದರೆ ವಸೂಲಿ. ಅದಕ್ಕೆ ಪಾರಸಿಯ 'ದಾರ್' ಸೇರಿ ತಹಸೀಲ್ದಾರ್ ಆಯಿತು. ಇಂಗ್ಲಿಷಿನ ಕಲೆಕ್ಟರ್ ಕೂಡ ಕಂದಾಯ ಕೂಡಿಸುವವನೇ!

ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಸರ್ಕಾರದ ಕಾಗದಗಳೆಲ್ಲ ಉರ್ದುವಿನಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಜಿಲ್ಲೆ, ತಾಲ್ಲೂಕು, ವಕೀಲ ಎಂಬ ಹಳೆಯ ಮಾತುಗಳು ಹಾಗೇ ಉಳಿದವು. ಅವುಗಳ ಪಕ್ಕದಲ್ಲೇ ಇಂಗ್ಲಿಷ್ ಮಾತುಗಳೂ ಬಂದು ಕುಳಿತವು.

ಅವುಗಳ ಹುಟ್ಟು ನೋಡಿ:

ಕೋರ್ಟ್: ಇದರ ಲ್ಯಾಟಿನ್ ಮೂಲಕ್ಕೆ ಸುತ್ತ ಗೋಡೆಯಿರುವ ಅಂಗಳ ಎಂದು ಅರ್ಥ. ಆಮೇಲೆ ಅರಸನ ಆಸ್ಥಾನ, ಕೊನೆಗೆ ನ್ಯಾಯದ ಮನೆ ಆಯಿತು. ನಮ್ಮೂರ ಪಂಚಾಯಿತಿ ಕಟ್ಟೆ ನೆನಪಾಯಿತೇ?

ಕಾನ್‌ಸ್ಟೇಬಲ್: ಮೊದಲು ಕುದುರೆ ಲಾಯದ ಅಧಿಕಾರಿ.

ಪೊಲೀಸ್: ಗ್ರೀಕಿನ 'ಪೋಲಿಸ್', ಅಂದರೆ ನಗರ.

ಜೈಲು: ಲ್ಯಾಟಿನ್ನಿನ ಪಂಜರ.

ಮ್ಯಾಜಿಸ್ಟ್ರೇಟ್: ಲ್ಯಾಟಿನ್ನಿನ 'ಮಜಿಸ್ಟರ್', ಅಂದರೆ ಒಡೆಯ, ಗುರು. ಮಾಸ್ಟರ್ ಹುಟ್ಟಿದ್ದೂ ಅದರಿಂದಲೇ. ಹಾಗಾಗಿ ನಿಮ್ಮ ಶಾಲೆಯ ಮೇಷ್ಟ್ರೂ ಮ್ಯಾಜಿಸ್ಟ್ರೇಟರೂ ಒಂದೇ ಮನೆತನದವರು!

ಮಿನಿಸ್ಟರ್: ಸೇವಕ. ಮಂತ್ರಿಗಳು ಇದನ್ನು ಮರೆಯಬಾರದು.

ಇನ್ನು 'ಕಾನೂನು'. ಅರಬ್ಬಿಯಿಂದ ನಮಗೆ ಬಂದರೂ ಇದರ ಮೂಲ ಗ್ರೀಕ್. ಅಲ್ಲಿ ಅಳತೆಗೋಲು ಎಂದು ಅರ್ಥ. ಇಂಗ್ಲಿಷಿನ 'ರೂಲ್' ಹುಟ್ಟಿದ್ದೂ ನೇರವಾದ ಕೋಲಿನಿಂದ. ಗೆರೆ ಎಳೆಯುವಾಗ ಕೋಲು ಬಡವ, ಬಲ್ಲಿದ ಎಂದು ನೋಡುವುದಿಲ್ಲ. ಕಾನೂನೂ ಹಾಗೇ ಇರಬೇಕು.

ಈ ಮಾತುಗಳ ಅರ್ಥ ತಿಳಿಯದೆ, ಓದಿ ಹೇಳುವವರಿಲ್ಲದೆ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಹಿರಿಯರಿಗೆ ಗೊತ್ತು. ಈ ಭಾನುವಾರ ಮುತ್ಯಾನನ್ನು ಕೇಳಿ ಮನೆಯ ಪಹಣಿ ತೆಗೆಸಿ. ಅದರಲ್ಲಿ 'ಖುಷ್ಕಿ' ಎಂದಿದ್ದರೆ ಒಣ ಬೇಸಾಯದ ಭೂಮಿ, 'ತರಿ' ಎಂದಿದ್ದರೆ ನೀರಾವರಿ ಭೂಮಿ. ಎರಡೂ ಪಾರಸಿಯ ಮಾತುಗಳೇ. ನೀವು ಗಟ್ಟಿಯಾಗಿ ಓದಿ, ಅರ್ಥವನ್ನು ಮುತ್ಯಾ ಹೇಳಲಿ. ತಿಳಿಯದ ಮಾತು ಸಿಕ್ಕರೆ ಬರೆದಿಟ್ಟುಕೊಂಡು ಮೇಷ್ಟ್ರನ್ನು ಕೇಳಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಬೇಡ!