ಹಕ್ಕಿ ಕತ್ತೆತ್ತುವ ಮೊದಲೇ ನಿಲ್ಲಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಬಯಲುಸೀಮೆಯ ಕೆರೆಗಳಲ್ಲಿ ನೀರು ಹಿಂದೆ ಸರಿಯತೊಡಗುತ್ತದೆ. ಏರಿಯ ಬದಿಗೆ ಒಂದಿಷ್ಟು ಆಳದ ನೀರು ಉಳಿದರೆ ಹಿಂಬದಿಯ ಅಂಗಳವೆಲ್ಲ ಕೆಸರು, ಜೊಂಡು, ಅಲ್ಲಲ್ಲಿ ಮೊಣಕಾಲುದ್ದದ ಮಡು. ಕರ್ನಾಟಕದ ಒಳನಾಡಿನಲ್ಲಿ ಜೌಗು ಎಂದರೆ ಬಹುಮಟ್ಟಿಗೆ ಇದೇ, ಗದ್ದೆಗೆ ನೀರುಣಿಸಲು ಮನುಷ್ಯ ಕಟ್ಟಿದ ಕೆರೆಯ ಹಿನ್ನೀರು. ಹಕ್ಕಿ ನೋಡುವವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೆಸರು ಬಯಲಾದಂತೆ ಹುಳು, ಬಸವನಹುಳು, ಪುಡಿಮೀನು ಸುಲಭವಾಗಿ ಸಿಗುವುದರಿಂದ, ಕೆರೆಯ ತುಂಬ ಚದುರಿದ್ದ ಹಕ್ಕಿಗಳು ಉಳಿದ ನೀರಿನ ಸುತ್ತ ಬಂದು ನೆರೆಯುತ್ತವೆ. ವಲಸೆ ಬಂದವು ಹೊರಡುವ ಮುನ್ನ ಬಣ್ಣ ಬದಲಿಸುತ್ತವೆ. ಚಳಿಗಾಲವಿಡೀ ಮಾಸಲಾಗಿದ್ದ ನಿಂಬೆ ಸಿಪಿಲೆಯ ಗಂಡಿನ ತಲೆ, ಎದೆ ಅಚ್ಚ ಹಳದಿಗೆ ತಿರುಗುತ್ತವೆ. ಕಪ್ಪುಬಾಲದ ಗಾಡ್‌ವಿಟ್‌ನ ಕತ್ತಿಗೆ ಇಟ್ಟಿಗೆಗೆಂಪು ಏರುತ್ತದೆ. ಕ್ಯಾಮೆರಾಗಳೂ ಈ ಕಾಲದಲ್ಲೇ ಕೆರೆಗೆ ಇಳಿಯುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ವಸಂತದ ಜೌಗು ಹಕ್ಕಿಗಳನ್ನು ನೋಡಲು ಎಷ್ಟು ಯೋಗ್ಯವೋ ಅವುಗಳ ಹತ್ತಿರ ಹೋಗಲು ಅಷ್ಟೇ ಅಯೋಗ್ಯ ಎಂಬುದು ನನ್ನ ವಾದ. ಡಿಸೆಂಬರಿನಲ್ಲಿ ಹೇಗೋ ನಡೆದುಹೋಗುವ ಹತ್ತು ಹೆಜ್ಜೆಗೆ ಮಾರ್ಚ್, ಏಪ್ರಿಲ್‌ಗಳಲ್ಲಿ ಹಕ್ಕಿ ತೆರುವ ಬೆಲೆಯೇ ಬೇರೆ.

ಮೊದಲು ಹೊರಟುನಿಂತವುಗಳ ಲೆಕ್ಕ ನೋಡೋಣ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡು ಬರುತ್ತದೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೂ ಸೇರಿತು. ಇರುಳು ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುವುದು, ಹಗಲು ನೀರಿನ ಮೇಲೆ ದಣಿವಾರಿಸಿಕೊಳ್ಳುವುದು ಅವುಗಳ ದಿನಚರಿ. ಮಂಗೋಲಿಯಾ, ಟಿಬೆಟ್ಟಿನ ಕಡೆಯ ಸರೋವರಗಳಿಗೆ ಮರಳಬೇಕಾದ ಇವು ಹಿಮಾಲಯವನ್ನು ದಾಟಿಯೇ ಹೋಗಬೇಕು. ಉಪಗ್ರಹ ಸಾಧನ ಕಟ್ಟಿದ ಹೆಬ್ಬಾತುಗಳು 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಆದರೂ ಅವು ಸಾಧ್ಯವಾದಷ್ಟೂ ಬೆಟ್ಟ ಕಣಿವೆಗಳ ಏರಿಳಿತಕ್ಕೆ ತಕ್ಕಂತೆ ತಗ್ಗಿ ಏರಿ ಹಾರುತ್ತವೆ; ತೆಳುಗಾಳಿಯಲ್ಲಿ ಒಂದೇ ಎತ್ತರದಲ್ಲಿ ಉಳಿಯುವುದಕ್ಕಿಂತ ಇದೇ ಅಗ್ಗ ಎಂಬುದನ್ನು 2015ರಲ್ಲಿ ಪ್ರಕಟವಾದ ಹೃದಯಬಡಿತದ ಅಧ್ಯಯನ ತೋರಿಸಿತು. ಅಷ್ಟು ಜುಗ್ಗತನದ ಲೆಕ್ಕಾಚಾರದ ಮೇಲೆ ನಿಂತ ಪ್ರಯಾಣ ಅದು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅವುಗಳ ದಾರಿಬುತ್ತಿ. ರೆಕ್ಕೆ ಬಡಿದು ಹಾರುವಾಗ ಹೆಬ್ಬಾತು ಸುಮ್ಮನೆ ಕೂತಿದ್ದಾಗಿನ ಸುಮಾರು ಹತ್ತು ಪಟ್ಟು ಶಕ್ತಿ ಖರ್ಚು ಮಾಡುತ್ತದೆ. ಸಾಲಾಗಿ ಹಾರುವ ಚಿತ್ರ ಬೇಕೆಂದು ಯಾರೋ ಏರಿಯ ಮೇಲೆ ಚಪ್ಪಾಳೆ ತಟ್ಟಿದರೆ ಹೋಗುವುದು ಆ ಬುತ್ತಿಯ ಒಂದು ತುತ್ತು. ಒಬ್ಬರು ಒಮ್ಮೆ ಮಾಡಿದರೆ ದೊಡ್ಡದಲ್ಲ. ಭಾನುವಾರದ ಬೆಳಗ್ಗೆ ಬರುವ ಪ್ರತಿ ಗುಂಪಿಗೂ ಒಂದೊಂದು ಹಾರಾಟ ಬೇಕಾದಾಗ ಲೆಕ್ಕ ಬೇರೆಯಾಗುತ್ತದೆ.

ಉಳಿದುಕೊಳ್ಳುವ ಹಕ್ಕಿಗಳ ಕಷ್ಟ ಇದಕ್ಕಿಂತ ತೀವ್ರವಾದದ್ದು. ಕಾವೇರಿಯ ಬಂಡೆ, ಮರಳುದಿಬ್ಬಗಳಲ್ಲಿ, ಭದ್ರಾ ಹಿನ್ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ನದಿ ರೀವಗಳು ಮೊಟ್ಟೆಯಿಡುವುದು ಈ ಬಿಸಿಲಿನಲ್ಲೇ. ರಿವರ್ ಟರ್ನ್ ಎಂದೇ ಹೆಚ್ಚು ಪರಿಚಿತವಾದ ಈ ಹಕ್ಕಿ ಇಂದು ಜಾಗತಿಕವಾಗಿ ಅಪಾಯದ ಅಂಚಿಗೆ ಬಂದಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಗೂಡೆಂದರೆ ಅಂಗೈಯಗಲದ ಒಂದು ಗುಳಿ ಅಷ್ಟೇ, ನೆರಳಿಗೆ ಹುಲ್ಲುಕಡ್ಡಿಯೂ ಇರುವುದಿಲ್ಲ. ಕೆರೆಯಂಗಳದ ಟಿಟ್ಟಿಭದ್ದೂ ಮೆಟ್ಟುಗಾಲು ಹಕ್ಕಿಯದ್ದೂ ಬಯಲಿನ ಬಾಳೇ. ಮೊಟ್ಟೆಯೊಳಗಿನ ಭ್ರೂಣಕ್ಕೆ ಹಿತವಾದದ್ದು 37-38 ಡಿಗ್ರಿ ಸೆಲ್ಸಿಯಸ್ ಬಿಸಿ. 40ನ್ನು ದಾಟಿ ಬಹಳ ಹೊತ್ತು ಹಾಗೇ ಉಳಿದರೆ ಅದು ಸಾಯಬಹುದು. ಏಪ್ರಿಲ್ ನಡುಹಗಲಿನ ಮರಳು ಇದನ್ನು ಎಷ್ಟೋ ಹಿಂದೆ ಹಾಕಿರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಮೊಟ್ಟೆಯ ಮೇಲೆ ಕೂತ ತಾಯಿ ಮಾಡುತ್ತಿರುವುದು ಮೊಟ್ಟೆಗೆ ನೆರಳು ಹಿಡಿಯುವ ಕೆಲಸ. ಟಿಟ್ಟಿಭ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದನ್ನು ಪಕ್ಷಿತಜ್ಞರು ದಾಖಲಿಸಿದ್ದಾರೆ. ಅದನ್ನು ಎಬ್ಬಿಸಿದರೆ ಆ ನೆರಳೇ ಎದ್ದುಹೋಗುತ್ತದೆ. ಮೇಲೆ ಕಾಗೆ, ಹದ್ದುಗಳು ಕಾಯುತ್ತಿರುತ್ತವೆ. ಮರಳಿನ ಬಣ್ಣದ ಮೊಟ್ಟೆಯನ್ನು ಕಾಣಲಾರದ ಕಾಗೆಯೂ ಎದ್ದು ಹಾರಿದ ತಾಯಿಯನ್ನು ಕಾಣಬಲ್ಲದು. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಅರಚುವುದು ಚೆಂದದ ಚಿತ್ರಕ್ಕಾಗಿ ಅಲ್ಲ, ‘ತೊಲಗು’ ಎನ್ನಲು. ದನ ಕಾಯುವ ಹುಡುಗರಿಗೆ ಇದು ಗೊತ್ತಿದೆ, ಲೆನ್ಸ್ ಹೊತ್ತು ಬಂದ ಎಷ್ಟೋ ವಿದ್ಯಾವಂತರಿಗೆ ಗೊತ್ತಿಲ್ಲ.

ಇನ್ನು ತೊಂದರೆ ಶುರುವಾಗುವುದು ಹಕ್ಕಿ ಹಾರಿದಾಗ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದಕ್ಕೂ ಬಹಳ ಮೊದಲೇ ಅದು ಶುರುವಾಗಿರುತ್ತದೆ. ಮೇಯುತ್ತಿದ್ದ ಹಕ್ಕಿ ಮೊದಲು ಕತ್ತೆತ್ತುತ್ತದೆ; ಆಮೇಲೆ ನಮ್ಮ ಕಡೆ ಒಂದೇ ಕಣ್ಣಿಟ್ಟು ನಿಲ್ಲುತ್ತದೆ, ಬಾಲ ಕುಣಿಸುತ್ತದೆ, ನಿಧಾನವಾಗಿ ಓರೆಯಾಗಿ ನಡೆಯುತ್ತದೆ. ಹಾರುವುದು ಕೊನೆಯ ಉಪಾಯ. ಅಂದರೆ ಕತ್ತೆತ್ತಿದ ಕ್ಷಣವೇ ಮೇಯುವುದು ನಿಂತಿದೆ, ನಾವು ನಿಲ್ಲಬೇಕಾದ ಗೆರೆಯನ್ನು ದಾಟಿಯಾಗಿದೆ. ಫೋಟೊಗ್ರಫಿಯ ಎರಡು ಅಗತ್ಯಗಳು ನಮ್ಮನ್ನು ಆ ಗೆರೆಯಾಚೆ ತಳ್ಳುತ್ತವೆ. ಒಂದು, ಬಿಸಿಲು. ಬೆಳಗ್ಗೆ ಒಂಬತ್ತರ ನಂತರ ಕೆಸರಿನಿಂದ ಏಳುವ ಬಿಸಿಗಾಳಿ ದೂರದ ಹಕ್ಕಿಯ ಗರಿಗಳನ್ನು ಕಲಸಿಬಿಡುತ್ತದೆ, ಎಂಥ ಲೆನ್ಸ್ ಇದ್ದರೂ ಚಿತ್ರ ಚೂಪಾಗುವುದಿಲ್ಲ. ಆಗ ಹತ್ತಿರ ಹೋಗಬೇಕೆನಿಸುತ್ತದೆ. ಮಾಡಬೇಕಾದದ್ದು ಕ್ಯಾಮೆರಾ ಚೀಲಕ್ಕೆ ಹಾಕಿ ಬೈನಾಕ್ಯುಲರ್ ಹಿಡಿಯುವುದು. ಎರಡು, ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರವೇ ಒಳ್ಳೆಯ ಚಿತ್ರ ಎಂಬ ನಂಬಿಕೆ. ತಪ್ಪೇನಿಲ್ಲ, ಅಂಥ ಚಿತ್ರಕ್ಕೆ ನಿಜಕ್ಕೂ ಜೀವವಿರುತ್ತದೆ. ಆದರೆ ಅದಕ್ಕಾಗಿ ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುವ ಜಾಗ ನೀರಂಚಿನ ಒಣಕೆಸರು, ಮೊಟ್ಟೆಗಳಿರುವುದೂ ಅಲ್ಲೇ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಕೆರೆಗಳನ್ನು ನುಂಗಿದ್ದು ಬಡಾವಣೆಗಳು, ಕೆಡಿಸಿದ್ದು ಚರಂಡಿ ನೀರು, ಮರಳು ದಿಬ್ಬಗಳನ್ನು ಬಗೆದದ್ದು ಲಾರಿಗಳು; ಇವುಗಳ ಮುಂದೆ ನಾಲ್ಕು ಜನ ಫೋಟೊ ತೆಗೆಯುವವರ ತಪ್ಪು ಯಾವ ಲೆಕ್ಕ? ಪ್ರಮಾಣದ ಮಾತು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಈ ವಾದ ತನ್ನ ಕಾಲಿಗೇ ಕೊಡಲಿ ಹಾಕಿಕೊಳ್ಳುತ್ತದೆ. ಸುತ್ತ ಹತ್ತು ಕೆರೆಗಳಿದ್ದಾಗ ಒಂದರಿಂದ ಎದ್ದ ಹಕ್ಕಿ ಇನ್ನೊಂದಕ್ಕೆ ಹೋಗುತ್ತಿತ್ತು. ಒಂದೇ ಉಳಿದಾಗ, ಅದರಲ್ಲೂ ಬೇಸಿಗೆಗೆ ಒಂದೇ ಮಡು ಉಳಿದಾಗ, ಹೋಗುವುದೆಲ್ಲಿಗೆ? ಮೇಲಾಗಿ ಬಡಾವಣೆಯನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು, ವರ್ಷಗಟ್ಟಲೆ ಕಾಯಬೇಕು. ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಲು ಯಾರ ಅಪ್ಪಣೆಯೂ ಬೇಕಿಲ್ಲ.

ಚಿತ್ರಗಳಿಂದಲೇ ಅಲ್ಲವೇ ಜನರಲ್ಲಿ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟಿದ್ದು, ವಿಜ್ಞಾನಕ್ಕೆ ನೆರವಾದದ್ದು ಎನ್ನುವುದು ಎರಡನೆಯ ಮಾತು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಂಗೋಲಿಯಾದಲ್ಲಿ ಕತ್ತುಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರಗಳನ್ನು ಓದಿದ್ದರಿಂದಲೇ ಅವು ಎಲ್ಲಿಂದ ಬಂದವೆಂದು ಖಚಿತವಾಯಿತು. ಇಂಥ ಓದಿಗೆ ಕ್ಯಾಮೆರಾದಷ್ಟು ನೆಚ್ಚಿನ ಸಾಕ್ಷಿ ಇನ್ನೊಂದಿಲ್ಲ. 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಾವಧಿಯ ಏರಿಳಿತ ಹೇಳಲು ಸಾಧ್ಯವಾದ 338ರಲ್ಲಿ ಶೇ. 60ರಷ್ಟು ಇಳಿಮುಖವಾಗಿವೆ ಎಂಬ ಕಹಿಸತ್ಯ ಅದರಿಂದ ತಿಳಿಯಿತು. ಆ ವರದಿಯ ಬುನಾದಿ ಹವ್ಯಾಸಿಗಳು ಹಕ್ಕಿಪಟ್ಟಿಗಳ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದ ಪಟ್ಟಿಗಳು. ಆದರೆ ಗಮನಿಸಿ, ಕತ್ತುಪಟ್ಟಿ ಓದಲು ಮಸುಕು ಚಿತ್ರವೂ ಸಾಕು. ಹಕ್ಕಿಪಟ್ಟಿಗೆ ಬೇಕಾದದ್ದು ಹೆಸರು, ಎಣಿಕೆ, ಜಾಗ, ಹೊತ್ತು. ಗೂಡಿನ ಮುಂದೆ ತೆಗೆದ ಕ್ಲೋಸಪ್ಪಿನಿಂದ ಇವುಗಳಿಗೆ ಸೇರುವುದು ಏನೂ ಇಲ್ಲ. ವಿಜ್ಞಾನದ ಹೆಸರಿನಲ್ಲಿ ಹತ್ತಿರ ಹೋಗುವವರು ವಿಜ್ಞಾನ ಕೇಳದ ಚಿತ್ರವನ್ನು ತರುತ್ತಿದ್ದಾರೆ.

ಹಾಗಾದರೆ ರಂಗನತಿಟ್ಟಿನಲ್ಲಿ ದೋಣಿಗಳು ಗೂಡುಮರಗಳ ಪಕ್ಕದಲ್ಲೇ ಸಾಗುವುದಿಲ್ಲವೇ, ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ಪಕ್ಕದ ಮರಗಳ ಮೇಲೇ ಸಂಸಾರ ಹೂಡುವುದಿಲ್ಲವೇ, ಹಕ್ಕಿಗಳು ಮನುಷ್ಯರಿಗೆ ಒಗ್ಗಿಕೊಳ್ಳುತ್ತವಲ್ಲ ಎನ್ನಬಹುದು. ಒಗ್ಗಿಕೊಳ್ಳುತ್ತವೆ, ಆದರೆ ಯಾವ ಷರತ್ತಿನ ಮೇಲೆ ಎಂಬುದನ್ನು ನೋಡಬೇಕು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಅರಸರು ಪಕ್ಷಿಧಾಮವೆಂದು ಘೋಷಿಸಿದ ರಂಗನತಿಟ್ಟಿನಲ್ಲಿ ದೋಣಿಗೆ ಗೊತ್ತಾದ ಜಾಡಿದೆ, ಪ್ರವಾಸಿಗರು ನಡುಗಡ್ಡೆಗೆ ಇಳಿಯುವಂತಿಲ್ಲ. ಕೊಕ್ಕರೆಬೆಳ್ಳೂರಿನ ಹುಣಿಸೆ, ಆಲದ ಮರಗಳ ಕೆಳಗೆ ಅದೇ ಜನ, ಅದೇ ದನ ಓಡಾಡುತ್ತಿರುವುದು ತಲೆಮಾರುಗಳಿಂದ. ಪಕ್ಷಿತಜ್ಞ ಜರ್ಡನ್ 1853ರಲ್ಲೇ ದಾಖಲಿಸಿದ ಸಹವಾಸ ಅದು. ಒಡಿಶಾದ ಚಿಲಿಕಾ ಅಂಚಿನ ಮಂಗಲಾಜೋಡಿ ಇನ್ನೂ ಒಳ್ಳೆಯ ನಿದರ್ಶನ. ಒಂದು ಕಾಲಕ್ಕೆ ಹಕ್ಕಿ ಬೇಟೆಗೆ ಹೆಸರಾಗಿದ್ದ ಆ ಊರಿನವರು 2000ದ ಸುಮಾರಿಗೆ ಕಾವಲಿಗೆ ನಿಂತರು. ಅಂದಿನ ಬೇಟೆಗಾರರೇ ಇಂದು ಗಳ ಹಾಕಿ ದೋಣಿ ತಳ್ಳುತ್ತ ಜೊಂಡಿನ ನಡುವಿನ ಕಾಲುವೆಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಮೋಟಾರಿನ ಸದ್ದಿಲ್ಲ, ಜಾಡು ಬಿಟ್ಟು ಆಚೀಚೆ ಹೋಗುವುದಿಲ್ಲ. ಹಕ್ಕಿಗಳೂ ಮಾರು ದೂರದಲ್ಲಿ ನಿಶ್ಚಿಂತೆಯಿಂದ ಮೇಯುತ್ತವೆ. ಮೂರೂ ಕಡೆ ಹಕ್ಕಿ ನಂಬಿರುವುದು ಮನುಷ್ಯನ ವರ್ತನೆ ಬದಲಾಗುವುದಿಲ್ಲ ಎಂಬುದನ್ನು. ಕೆಸರಿನಲ್ಲಿ ಇಂದು ಇಲ್ಲಿ ನಾಳೆ ಅಲ್ಲಿ ತೆವಳುವ, ಒಮ್ಮೆ ಬಾಗುವ ಒಮ್ಮೆ ಏಳುವ, ಮೇಲಿಂದ ಡ್ರೋನ್ ಹಾರಿಸುವ ಅಪರಿಚಿತನಿಗೆ ಆ ನಂಬಿಕೆಯನ್ನು ವರ್ಗಾಯಿಸಲಾಗದು.

ಗೂಡಿನ ಚಿತ್ರಕ್ಕೆ ಒಂದು ದೊಡ್ಡ ಪರಂಪರೆಯೇ ಇದೆಯಲ್ಲ ಎಂದು ಹಿರಿಯ ಹವ್ಯಾಸಿಗಳು ಹೇಳುತ್ತಾರೆ. ಇದೆ. ಇಂಗ್ಲೆಂಡಿನ ಕೀರ್ಟನ್ ಸಹೋದರರು 1892ರಲ್ಲಿ ಗೂಡಿನ ಚಿತ್ರದಿಂದಲೇ ಶುರುಮಾಡಿದರು. ಮುಂದೆ ಹಕ್ಕಿಗಳಿಗೆ ಅನುಮಾನ ಬರಬಾರದೆಂದು ಟೊಳ್ಳು ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಕ್ಯಾಮೆರಾ ಹಿಡಿದು ಕೂತವರು ಅವರು. ನಮ್ಮಲ್ಲೂ ಫಿಲ್ಮ್ ಕಾಲದವರು ಗೂಡಿನೆದುರು ಮರೆ ಕಟ್ಟಿ ಕಾಯುತ್ತಿದ್ದರು. ಅದಕ್ಕೆ ಕಾರಣವಿತ್ತು: ಫಿಲ್ಮ್ ನಿಧಾನ, ಲೆನ್ಸ್ ಗಿಡ್ಡ, ಹಕ್ಕಿ ಖಂಡಿತವಾಗಿ ಮರಳಿ ಬಂದು ಕೂರುವ ಜಾಗ ಗೂಡೊಂದೇ. ಇಂದು ಕ್ಯಾಮೆರಾ ಮಬ್ಬುಬೆಳಕಿನಲ್ಲೂ ಹಾರುವ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಕಾರಣ ಹೋದ ಮೇಲೂ ಉಳಿದಿರುವುದು ಚಾಳಿ ಮಾತ್ರ. ಕಾನೂನಂತೂ ಸ್ಪಷ್ಟವಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ಗೆ ಕೊಡುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ.

ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚುವ ಆಕ್ಷೇಪ ಬೇರೊಂದಿದೆ. ದೂರ ನಿಲ್ಲಿ ಎನ್ನುವುದು ಸುಲಭ, ದೂರದಿಂದ ಚಿತ್ರ ತೆಗೆಯುವ ಉತ್ತಮ ದರ್ಜೆಯ 600 ಎಂಎಂ ಲೆನ್ಸಿನ ಬೆಲೆ ಹತ್ತು ಲಕ್ಷ ದಾಟಬಹುದು. ಹಾಗಾದರೆ ಹಕ್ಕಿ ಫೋಟೊಗ್ರಫಿ ಉಳ್ಳವರದ್ದೇ ಆಗಬೇಕೇ? ಸಣ್ಣ ಲೆನ್ಸಿನ ವಿದ್ಯಾರ್ಥಿ ಹತ್ತಿರ ಹೋಗದೆ ಏನು ಮಾಡಬೇಕು? ಇದಕ್ಕೆ ಬರೀ ನೀತಿಬೋಧೆ ಉತ್ತರವಾಗದು. ಒಂದು ಉತ್ತರ ಕಾಯುವುದು: ಕೆರೆಯ ಏರಿ ಹಕ್ಕಿಗಳಿಗೆ ದಿನವೂ ಪರಿಚಿತ, ಏರಿಯ ಕಲ್ಲಿನ ಮೇಲೆ ಸೂರ್ಯನಿಗೆ ಬೆನ್ನು ಹಾಕಿ ಅಲುಗಾಡದೆ ಕೂತರೆ ಹಕ್ಕಿಗಳೇ ಹತ್ತಿರ ಬರುತ್ತವೆ. ನಡೆದುಬರುವ ಮನುಷ್ಯನಿಗಿಂತ ನಿಂತ ಕಾರನ್ನು ಅವು ಎಷ್ಟೋ ಪಾಲು ಹೆಚ್ಚು ಸಹಿಸುತ್ತವೆ. ಇನ್ನೊಂದು ಉತ್ತರ ಸಾರ್ವಜನಿಕವಾದದ್ದು, ನೀರಂಚಿನಲ್ಲಿ ಕಾಯಂ ಮರೆಮನೆಗಳನ್ನು ಕಟ್ಟುವುದು. ಬಿದಿರು ತಟ್ಟಿ, ಹುಲ್ಲಿನ ಮಾಡು, ಕಣ್ಣಿನೆತ್ತರಕ್ಕೆ ಉದ್ದನೆಯ ಕಿಂಡಿ, ಹಿಂದಿನಿಂದ ಬರಲು ಮರೆಯ ದಾರಿ, ಇಷ್ಟಿದ್ದರೆ ಸಾಕು. ಅದರೊಳಗೆ ಹತ್ತು ಲಕ್ಷದ ಲೆನ್ಸಿಗೂ ಶಾಲಾ ಹುಡುಗಿಯ ಮೊಬೈಲಿಗೂ ಹಕ್ಕಿ ಒಂದೇ ದೂರದಲ್ಲಿರುತ್ತದೆ. ಮಾಗಡಿ ಕೆರೆಯ ಜೊತೆಗೇ 2024ರಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ರಾಮ್ಸರ್ ತಾಣಗಳಾದವು. ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಇಂಥ ಕಡೆಗಳಲ್ಲಿ ಕಾಂಕ್ರೀಟಿನ ಸೆಲ್ಫಿ ಕಟ್ಟೆಗಳ ಬದಲು ಮೊದಲು ಮರೆಮನೆ ಕಟ್ಟಲಿ, ಅದೂ ನೀರು ಇಳಿಯುವ ಮೊದಲು, ಡಿಸೆಂಬರಿನೊಳಗೆ. ಸ್ಪರ್ಧೆ ನಡೆಸುವವರೂ ಪತ್ರಿಕೆಯವರೂ ಗೂಡಿನ ಚಿತ್ರಗಳನ್ನು ವಾಪಸು ಕಳಿಸಲಿ. ಅಲ್ಲಿಯವರೆಗೆ, ಓದುಗರೇ, ಈ ಬೇಸಿಗೆಯಲ್ಲಿ ಕೆರೆಗೆ ಹೋದರೆ ಏರಿಯಿಂದ ಕೆಳಗೆ ಇಳಿಯಬೇಡಿ.